ಆರು ನಮ್ಮವು, ಹನ್ನೊಂದು ಯಾರವೋ

ಪ್ರತಿ ತಿಂಗಳ 20ನೇ ತಾರೀಕು ನನಗೆ ಎದೆ ಡವಡವ. ಡೊಂಬಿವಲಿ ಪೂರ್ವದಲ್ಲಿ ನಮ್ಮ ಮನೆ. ಮುಲುಂಡ್‌ನಿಂದ ಕಲ್ಯಾಣದವರೆಗಿನ ಏಳೆಂಟು ಉಡುಪಿ ಹೋಟೆಲ್‌ಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 20ರೊಳಗೆ ಅವರ ಜಿಎಸ್‌ಟಿ ರಿಟರ್ನ್, ಅಂದರೆ 3ಬಿ ಅನ್ನುವ ತಿಂಗಳ ತೆರಿಗೆ ಲೆಕ್ಕ, ಹೋಗಲೇಬೇಕು. ಒಂದು ದಿನ ತಪ್ಪಿದರೂ ದಂಡ, ಜೊತೆಗೆ ತೆರಿಗೆಯ ಮೇಲೆ ಬಡ್ಡಿ. ಅವತ್ತು ರಾತ್ರಿ ಹತ್ತೂವರೆಗೆ ಕೊನೆಯ ಹೋಟೆಲಿನದು ಮಾತ್ರ ಬಾಕಿ ಇತ್ತು. ಒಟಿಪಿ ಹಾಕಿ ಒತ್ತುತ್ತೇನೆ, ಚಕ್ರ ತಿರುಗುತ್ತಲೇ ಇದೆ. ಮೂರು ಸಲ ಲಾಗೌಟ್ ಆಯಿತು. ಕೊನೆಗೆ ಫೋನಿನ ಹಾಟ್‌ಸ್ಪಾಟ್ ಹಾಕಿ, ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದೆ.

ಮನೆಯ ಇಂಟರ್ನೆಟ್ ವೇಗಕ್ಕೆ ನಾವು ದುಡ್ಡು ಕಟ್ಟುವುದು 100 ಎಂಬಿಪಿಎಸ್‌ಗೆ. ಅಳೆದು ನೋಡಿದರೆ ಸಿಗುತ್ತಿದ್ದದ್ದು 6. ಲೈನಿನವರಿಗೆ ಫೋನ್ ಮಾಡಿದೆ. 'ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಮೇಡಂ' ಅಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ನನಗೆ ಗೊತ್ತಾಗಿದ್ದು ಆಮೇಲೆ.

ಅವತ್ತು ಮಲಗುವ ಮೊದಲು ಒಂದು ಕೆಲಸ ಮಾಡಿದೆ. ಮನೆಯ ಫೋನುಗಳು, ಲ್ಯಾಪ್‌ಟಾಪ್, ಟಿವಿ, ಮಾವನ ಕೋಣೆಯ ಕಂಪ್ಯೂಟರ್, ಪ್ರಿಂಟರ್, ಎಲ್ಲ ಬಂದ್ ಮಾಡಿದೆ. ದೀಪ ಆರಿಸಿ ಹಾಲ್‌ನಲ್ಲಿ ಕೂತು ರೌಟರ್ ನೋಡಿದೆ. ವೈಫೈ ಗುರುತಿನ ಹಸಿರು ದೀಪ ಪಟಪಟ ಮಿನುಗುತ್ತಿತ್ತು. ರಾತ್ರಿ ಒಂದೂವರೆ. ನಮ್ಮ ಮನೆಯಲ್ಲಿ ಒಂದೂ ಸಾಧನ ಚಾಲೂ ಇಲ್ಲ. ಆದರೂ ಆ ದೀಪಕ್ಕೆ ಒಂದು ಕ್ಷಣವೂ ಪುರುಸೊತ್ತಿಲ್ಲ.

ಬೆಳಿಗ್ಗೆ ಬ್ರೌಸರ್‌ನಲ್ಲಿ 192.168.1.1 ಹಾಕಿ ರೌಟರಿನ ಒಳಗೆ ಹೋದೆ. ಕೆಲವು ರೌಟರ್‌ಗಳಿಗೆ ಅದು 192.168.0.1 ಇರುತ್ತದೆ. ಡಬ್ಬಿಯ ತಳಕ್ಕೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ಯೂಸರ್ ಹೆಸರು ಅಡ್ಮಿನ್, ಪಾಸ್‌ವರ್ಡ್ ಕೂಡ ಅಡ್ಮಿನ್. ಹಾಕಿಕೊಟ್ಟ ದಿನದಿಂದ ಯಾರೂ ಬದಲಿಸಿಲ್ಲ. ಡಿಎಚ್‌ಸಿಪಿ ಪಟ್ಟಿ, ಅಂದರೆ ರೌಟರಿಗೆ ಸೇರಿದ ಸಾಧನಗಳ ಪಟ್ಟಿ, ತೆರೆದರೆ 17 ಸಾಧನಗಳು. ನಮ್ಮವು ಆರು.

ಪಟ್ಟಿ ನೋಡಿದ ಕೂಡಲೇ ಹನ್ನೊಂದು ಕಳ್ಳರು ಅಂದುಕೊಳ್ಳಬೇಡಿ. ಈಗಿನ ಫೋನುಗಳು ತಮ್ಮ ಅಸಲಿ ಮ್ಯಾಕ್ ವಿಳಾಸ, ಅಂದರೆ ಪ್ರತಿ ಸಾಧನದ ಗುರುತಿನ ಸಂಖ್ಯೆ, ಕೊಡುವುದಿಲ್ಲ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14ರಿಂದ ಈಚೆಗೆ ಒಂದೊಂದು ನೆಟ್‌ವರ್ಕಿಗೆ ಒಂದೊಂದು ಹುಸಿ ವಿಳಾಸ ಹುಟ್ಟಿಸಿಕೊಳ್ಳುತ್ತವೆ. ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಹುಸಿ ಅಂತ ತಿಳಿಯಬಹುದು. ಹಾಗಾಗಿ ನಾನು ಪಟ್ಟಿಯನ್ನು ಕಾಗದದ ಮೇಲೆ ಇಳಿಸಿದೆ. ಮನೆಯ ಸಾಧನಗಳನ್ನು ಒಂದೊಂದಾಗಿ ಹಚ್ಚಿ, ಯಾವುದು ಬಂತು ನೋಡಿ ಟಿಕ್ ಹಾಕಿದೆ. ಅರ್ಧ ಗಂಟೆ ಹಿಡಿಯಿತು. ಹನ್ನೊಂದು ಹಾಗೇ ಉಳಿದವು. ಅದರಲ್ಲೊಂದು ಆಂಡ್ರಾಯ್ಡ್ ಟಿವಿ. ನಮ್ಮ ಟಿವಿ ಬೇರೆ ಕಂಪನಿಯದು.

ನೆಟ್‌ವರ್ಕಿಗೆ ಪಾಸ್‌ವರ್ಡೇ ಇರಲಿಲ್ಲ. ಎರಡು ವರ್ಷದ ಹಿಂದೆ ಮಾವನಿಗೆ ಫೋನಿನಲ್ಲಿ ಅಷ್ಟುದ್ದದ ಪಾಸ್‌ವರ್ಡ್ ಒತ್ತಲು ಆಗುತ್ತಿರಲಿಲ್ಲ. ಕಣ್ಣು ಮಂಜು, ಕೈ ನಡುಕ. ಲೈನ್ ಹಾಕಲು ಬಂದ ಹುಡುಗನಿಗೆ ಹೇಳಿ ತೆಗೆಸಿದ್ದರು. ನಾನೂ ಕೇಳಲು ಹೋಗಿರಲಿಲ್ಲ.

ಸ್ಪೀಡ್ ಹೋದದ್ದು ಸಣ್ಣ ಸಂಗತಿ. ನನ್ನ ಕೈಕಾಲು ತಣ್ಣಗಾದದ್ದು ಬೇರೆ ಕಾರಣಕ್ಕೆ. ಮಾವನ ಕೋಣೆಯ ಕಂಪ್ಯೂಟರಿನಿಂದ ಪ್ರಿಂಟ್ ತೆಗೆಯಲು ಸುಲಭ ಅಂತ ಲ್ಯಾಪ್‌ಟಾಪಿನ ಒಂದು ಫೋಲ್ಡರನ್ನು ಶೇರ್ ಮಾಡಿಟ್ಟಿದ್ದೆ. ಲ್ಯಾಪ್‌ಟಾಪ್ ಮೊದಲ ದಿನ 'ಇದು ಪಬ್ಲಿಕ್ ನೆಟ್‌ವರ್ಕಾ, ಪ್ರೈವೇಟಾ?' ಅಂತ ಕೇಳಿದಾಗ ಪ್ರೈವೇಟ್ ಒತ್ತಿದ್ದೆ. ಮನೆ ಅಲ್ವಾ ಅಂತ. ಆ ಫೋಲ್ಡರಿಗೂ ಪಾಸ್‌ವರ್ಡ್ ಇಲ್ಲ. ನನ್ನವರ ಫೋನ್ ತಗೊಂಡು, ಫೈಲ್ ನೋಡುವ ಆ್ಯಪ್ ತೆರೆದು, ನೆಟ್‌ವರ್ಕ್ ಅಂತ ಒತ್ತಿದೆ. ನನ್ನ ಲ್ಯಾಪ್‌ಟಾಪಿನ ಹೆಸರು ಬಂತು. ಒತ್ತಿದೆ. ಫೋಲ್ಡರ್ ಬಂತು. ಮತ್ತೊಮ್ಮೆ ಒತ್ತಿದೆ. ಥಾಣೆಯ ಹೋಟೆಲ್ ಮಾಲೀಕರ ಪ್ಯಾನ್ ಕಾರ್ಡ್, ಅವರ ಮನೆಯವರ ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟು, ಒಂದರ ಕೆಳಗೆ ಒಂದು. ಯಾರೂ ಏನೂ ಕೇಳಲಿಲ್ಲ.

ಹದಿನೈದು ವರ್ಷದಿಂದ ನಂಬಿ ಕಾಗದ ಕೊಟ್ಟವರು ಅವರು. ಮೊದಲು ಫೋಲ್ಡರ್ ಶೇರಿಂಗ್ ತೆಗೆದೆ. ಆಮೇಲೆ ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬ್ಯಾಂಕ್ ಖಾತೆ ಮೇಲೆ ಒಂದು ಕಣ್ಣಿಟ್ಟಿರಿ, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ ಅಂದೆ. ಒಂದು ಗಳಿಗೆ ಸುಮ್ಮನಿದ್ದರು. 'ಹೇಳಿದ್ದು ಒಳ್ಳೆದಾಯ್ತು ಅಕ್ಕ' ಅಂದರು. ಉಳಿದವರಿಗೂ ಹೇಳಿದೆ. ಒಬ್ಬರು ಕೆಲಸ ಬಿಡಿಸಿ ಬೇರೆಯವರಿಗೆ ಕೊಟ್ಟರು. ಅವರ ಮೇಲೆ ನನಗೆ ಬೇಸರವಿಲ್ಲ.

ಮಾವನಿಗೆ ಈ ಗಲಾಟೆ ಹಿಡಿಸಲಿಲ್ಲ. 'ನೀರು ಕೇಳಿದವರಿಗೆ ಇಲ್ಲ ಅಂತೇವಾ ಮಗಾ? ಪಕ್ಕದವರು ಒಂದಿಷ್ಟು ನೆಟ್ ನೋಡಿದರೆ ಏನು ಹೋಯ್ತು?' ಅಂದರು. ಅವರು ಮುಂಬೈಗೆ ಬಂದಾಗ ಮಾಟುಂಗದ ಒಂದೇ ಕೋಣೆಯಲ್ಲಿ ಒಂಬತ್ತು ಜನ ಮಲಗುತ್ತಿದ್ದರಂತೆ. ಹಂಚಿಕೊಳ್ಳದೆ ಬದುಕಿದವರಲ್ಲ. ನಾನು ಹೇಳಿದೆ: 'ಮಾವ, ನೀರನ್ನ ನಾವೇ ಲೋಟದಲ್ಲಿ ಕೊಡ್ತೇವೆ. ಅಡುಗೆಮನೆ ಬಾಗಿಲು ತೆಗೆದಿಟ್ಟು ಮಲಗೋದಿಲ್ಲ ಅಲ್ವಾ?'

ಆಗ 2008ರ ಸಂಗತಿ ಅವರಿಗೇ ನೆನಪಾಯಿತು. ಆ ವರ್ಷ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬ್ ಸಿಡಿಯುವ ಕೆಲವೇ ನಿಮಿಷ ಮೊದಲು ಒಂದು ಇಮೇಲ್ ಬಂದಿತ್ತು. ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈನ ಸಾನ್‌ಪಾಡಾದ ಒಂದು ಮನೆಗೆ. ಅಲ್ಲಿದ್ದ ವಿದೇಶಿಯ ತೆರೆದ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ವಿಚಾರಣೆ ಮಾತ್ರ ಆ ವಿದೇಶಿಗೆ ಆಯಿತು. ಸೆಪ್ಟೆಂಬರ್ 13ರ ದೆಹಲಿ ಸ್ಫೋಟದ ಇಮೇಲ್ ಬಂದದ್ದು ಚೆಂಬೂರಿನ ಒಂದು ವೈಫೈಯಿಂದ. 2009ರ ಜನವರಿಯಲ್ಲಿ ಮುಂಬೈ ಪೊಲೀಸರು ತೆರೆದ ವೈಫೈ ಹುಡುಕಿಕೊಂಡು ಬೀದಿ ಸುತ್ತುತ್ತೇವೆ ಅಂದಿದ್ದರು. ಮನೆಯ ಹದಿನೇಳು ಸಾಧನಕ್ಕೂ ಹೊರಗಿನವರಿಗೆ ಕಾಣುವುದು ಒಂದೇ ಐಪಿ ವಿಳಾಸ. ಆ ಕನೆಕ್ಷನ್ ಇರುವುದು ಮಾವನ ಹೆಸರಲ್ಲಿ. ಇದನ್ನು ಹೇಳಿದ ಮೇಲೆ ಅವರೇ ಎದ್ದು ಕನ್ನಡಕ ತಂದು ಪಕ್ಕದಲ್ಲಿ ಕೂತರು.

ಕೆಲಸ ಶುರು ಮಾಡುವ ಮೊದಲು ಲ್ಯಾಪ್‌ಟಾಪಿಗೆ ರೌಟರಿನಿಂದ ವೈರ್ ಹಾಕಿಕೊಳ್ಳಿ. ವೈಫೈ ಮೇಲೆ ಕೂತು ವೈಫೈ ಬದಲಿಸಿದರೆ ಅರ್ಧದಲ್ಲೇ ನಾವೇ ಹೊರಗೆ ಬೀಳುತ್ತೇವೆ. ನಾನು ಮೊದಲು ಬದಲಿಸಿದ್ದು ಅಡ್ಮಿನ್ ಪಾಸ್‌ವರ್ಡ್. ಇದನ್ನು ತುಂಬಾ ಜನ ಮರೆಯುತ್ತಾರೆ. ಒಳಗೆ ಬಂದವರು ಅಡ್ಮಿನ್ ಹಾಕಿ, ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಿಸಿದರೆ, ನೀವು ಬ್ಯಾಂಕಿನ ಹೆಸರು ಒತ್ತಿದಾಗ ಎಲ್ಲಿಗೆ ಹೋಗಬೇಕು ಅಂತ ಅವರು ತೀರ್ಮಾನಿಸಬಹುದು. ನಮ್ಮದರಲ್ಲಿ ಡಿಎನ್‌ಎಸ್ ಯಾರೂ ಮುಟ್ಟಿರಲಿಲ್ಲ. ಹೊರಗಿನಿಂದ ರೌಟರ್ ನಡೆಸುವ ರಿಮೋಟ್ ಮ್ಯಾನೇಜ್‌ಮೆಂಟ್ ಬಂದ್ ಮಾಡಿದೆ, ರೌಟರಿನ ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಹೊಸದು ಹಾಕಿದೆ.

ಆಮೇಲೆ ವೈಫೈಗೆ ಬೀಗ. ಬೀಗದ ಆಯ್ಕೆಗಳ ಪಟ್ಟಿಯಲ್ಲಿ ಡಬ್ಲ್ಯೂಇಪಿ ಕಂಡರೆ ಅದನ್ನು ಮುಟ್ಟಬೇಡಿ. 2001ರಲ್ಲೇ ಒಡೆದ ಬೀಗ ಅದು. ಡಬ್ಲ್ಯೂಪಿಎ2, ಎಇಎಸ್ ಅಂತ ಇರುವುದನ್ನು ಆಯ್ದುಕೊಳ್ಳಿ. 2018ರಲ್ಲಿ ಬಂದ ಡಬ್ಲ್ಯೂಪಿಎ3 ಇನ್ನೂ ಗಟ್ಟಿ. ನಾನು ಮೊದಲು ಅದನ್ನೇ ಹಾಕಿದೆ. ಹಳೆ ಪ್ರಿಂಟರ್ ಸೇರಲೇ ಇಲ್ಲ. ಎರಡೂ ಸೇರಿದ ಮಿಕ್ಸೆಡ್ ಇಟ್ಟೆ. ಪಾಸ್‌ವರ್ಡ್ ಇಲ್ಲದೆ ಗುಂಡಿ ಅಥವಾ ಪಿನ್ ಒತ್ತಿ ಸೇರಿಸುವ ಡಬ್ಲ್ಯೂಪಿಎಸ್ ಸೌಲಭ್ಯ ಬಂದ್ ಮಾಡಿದೆ. ಅದರ ಪಿನ್ ಎಂಟು ಅಂಕಿ, ಆದರೆ ರೌಟರ್ ಅದನ್ನು ಎರಡು ತುಂಡಾಗಿ ಪರೀಕ್ಷಿಸುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ ಅಂತ 2011ರಲ್ಲೇ ಬಯಲಾಗಿದೆ. ನೆಟ್‌ವರ್ಕಿನ ಹೆಸರು ಮುಚ್ಚಿಡುವುದು, ಮ್ಯಾಕ್ ವಿಳಾಸ ನೋಡಿ ತಡೆಯುವುದು, ಇವೆರಡನ್ನೂ ಮಾಡಲಿಲ್ಲ. ಗೊತ್ತಿದ್ದವರಿಗೆ ಅದು ಅಡ್ಡಿಯೇ ಅಲ್ಲ, ತೊಂದರೆ ಮನೆಯವರಿಗೇ.

ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇಡಬಹುದು. ಊರಿನ ಅಡುಗೆಮನೆಯ ನಾಲ್ಕು ಪಾತ್ರೆಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದೆ. ಮನೆಯವರಿಗೆ ಮರೆಯುವುದಿಲ್ಲ, ಹೊರಗಿನವರಿಗೆ ಹೊಳೆಯುವುದಿಲ್ಲ. ಮೊಬೈಲ್ ನಂಬರು, ಫ್ಲ್ಯಾಟ್ ನಂಬರು ದಯವಿಟ್ಟು ಬೇಡ. ಮಾವನಿಗಾಗಿ ಕ್ಯೂಆರ್ ಕೋಡ್ ಪ್ರಿಂಟ್ ತೆಗೆದು ಅವರ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಕ್ಯಾಮೆರಾ ಹಿಡಿದರೆ ಸಾಕು, ಒತ್ತುವ ಕೆಲಸವೇ ಇಲ್ಲ. ಎರಡು ವರ್ಷದ ಹಿಂದೆ ಇದು ಹೊಳೆದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಹನ್ನೊಂದು ಸಾಧನಗಳನ್ನು ಸುಮ್ನೆ ಹೊರಗೆ ಹಾಕಿ ಕೂರಬಹುದಿತ್ತು. ಐಟಿ ಕಾಯ್ದೆಯ 43ನೇ ಕಲಂ ಕೂಡ ಒಡೆಯರ ಒಪ್ಪಿಗೆ ಇಲ್ಲದೆ ನೆಟ್‌ವರ್ಕಿಗೆ ನುಗ್ಗುವುದು ತಪ್ಪು ಅನ್ನುತ್ತದೆ. ಆದರೆ ಯಾರು, ಯಾಕೆ ಅಂತ ನನಗೆ ತಿಳಿಯಬೇಕಿತ್ತು. ದಿನಾ ಲಿಫ್ಟಿನಲ್ಲಿ ಸಿಗುವ ಮುಖಗಳನ್ನೆಲ್ಲ ಅನುಮಾನದಿಂದ ನೋಡುತ್ತಾ ಬದುಕುವುದು ನನ್ನಿಂದ ಆಗದು. ರೌಟರಿನಲ್ಲಿ ಹೊರಗಿನವರಿಗೆ ಅಂತಲೇ ಬೇರೆ ಇರುವ ಗೆಸ್ಟ್ ನೆಟ್‌ವರ್ಕ್ ಇತ್ತು. ಅದಕ್ಕೂ ಬೇರೆ ಪಾಸ್‌ವರ್ಡ್ ಹಾಕಿ, ಹೆಸರಿನ ಜಾಗದಲ್ಲೇ ಸಂದೇಶ ಬರೆಯೋಣ ಅಂದುಕೊಂಡೆ. ಹೆಸರಿಗಿರುವ ಜಾಗ 32 ಬೈಟ್ ಮಾತ್ರ. ಕನ್ನಡದ, ದೇವನಾಗರಿಯ ಒಂದೊಂದು ಅಕ್ಷರವೂ 3 ಬೈಟ್ ನುಂಗುತ್ತದೆ, ಒತ್ತಿಗೆ ಗುಡಿಸಿಗೆ ಬೇರೆ ಲೆಕ್ಕ. ಸಂದೇಶ ಅದರಲ್ಲಿ ಹಿಡಿಯಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಮರಾಠಿ ಬರೆದೆ: 'ನೆಟ್ ಪಾಹಿಜೆ? 302 ಮಧ್ಯೆ ಯಾ'. ನೆಟ್ ಬೇಕಾ, 302ಕ್ಕೆ ಬನ್ನಿ ಅಂತ.

ಅದೇ ಸಂಜೆ ನಮ್ಮ ವಾಚ್‌ಮನ್ ಬಂದರು. ವಿಜಯಪುರ ಕಡೆಯವರು. ಬಾಗಿಲ ಹೊರಗೇ ನಿಂತು, 'ತಪ್ಪಾತ್ರಿ ಅಕ್ಕಾರ. ಓಪನ್ ಇತ್ತು, ಹುಡುಗಿ ಹಚ್ಚಿಕೊಂಡಾಳ. ಕೇಳಬೇಕಿತ್ತು, ಕೇಳಲಿಲ್ರಿ' ಅಂದರು. ಮಗಳು ಹತ್ತನೇ ಕ್ಲಾಸು. ಒಂದೇ ಫೋನು. ಹಗಲು ಅಪ್ಪನ ಕೈಯಲ್ಲಿ, ರಾತ್ರಿ ಅವಳ ಕೈಯಲ್ಲಿ. ಗಣಿತದ ವಿಡಿಯೋ ನೋಡಲು ದಿನದ ಡೇಟಾ ಸಾಲುತ್ತಿರಲಿಲ್ಲ.

ಎದುರು ವಿಂಗಿನಲ್ಲಿ ಕೋಣೆ ಮಾಡಿಕೊಂಡಿರುವ ನಾಲ್ಕು ಹೋಟೆಲ್ ಹುಡುಗರೂ ಬಂದರು. ಅವರ ಕಿಟಕಿ ನಮ್ಮ ಹಾಲಿಗೆ ನೇರ ಎದುರು. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, 5 ಗಿಗಾಹರ್ಟ್ಸ್ ಅಷ್ಟು ಹೋಗುವುದಿಲ್ಲ. ಕುಂದಾಪುರ ಕಡೆಯ ಹುಡುಗರು. ಅವರಿಗೆ ಲೆಕ್ಕ ಹಾಕಿ ತೋರಿಸಿದೆ. 400 ರೂಪಾಯಿಯ ಪ್ಲ್ಯಾನಿಗೆ 18% ಜಿಎಸ್‌ಟಿ ಸೇರಿದರೆ 472. ನಾಲ್ವರಿಗೆ ಹಂಚಿದರೆ ತಲೆಗೆ 118. ಮರುವಾರವೇ ಸ್ವಂತ ಲೈನ್ ಹಾಕಿಸಿದರು. ಅವರ ರೌಟರ್ ಸೆಟ್ ಮಾಡಿಕೊಟ್ಟದ್ದು ನಾನೇ.

ನಾಲ್ಕನೇ ಮಹಡಿಯ ಕಾಕಾ ಬರಲಿಲ್ಲ. ಎರಡು ದಿನ ಬಿಟ್ಟು ಲಿಫ್ಟಿನಲ್ಲಿ ಸಿಕ್ಕಾಗ 'ನಿಮ್ಮ ನೆಟ್ ಹಾಳಾಗಿದೆಯಾ?' ಅಂತ ಅವರೇ ಕೇಳಿದರು. ಟಿವಿ ಅವರದು. ಇನ್ನೂ ಮೂರು ಫೋನು ಅವರ ಮನೆಯವೇ. ಎರಡು ಕಾರಿರುವ ಮನೆ. 'ಓಪನ್ ಇತ್ತಲ್ಲ, ಎಲ್ಲರಿಗೂ ಅಂದುಕೊಂಡೆವು' ಅಂದರು. ನಾನು ನನ್ನ 20ನೇ ತಾರೀಕಿನ ಕಥೆ ಹೇಳಿದೆ. ಅವರ ಮುಖ ಸಣ್ಣದಾಯಿತು. ಈಗ ಅವರ ಹೆಸರಿನ ನೆಟ್‌ವರ್ಕು ಪಟ್ಟಿಯಲ್ಲಿ ಕಾಣುತ್ತದೆ, ಬೀಗದ ಗುರುತಿನೊಂದಿಗೆ.

ಗೆಸ್ಟ್ ನೆಟ್‌ವರ್ಕ್ ಈಗ ಆ ಹುಡುಗಿಗೆ ಮಾತ್ರ. ಅದಕ್ಕೆ 10 ಎಂಬಿಪಿಎಸ್ ಮಿತಿ ಇಟ್ಟಿದ್ದೇನೆ, ಪಾಠಕ್ಕೆ ಧಾರಾಳ ಸಾಕು. ಅಲ್ಲಿಂದ ನಮ್ಮ ಪ್ರಿಂಟರ್, ಲ್ಯಾಪ್‌ಟಾಪ್ ಕಾಣದ ಹಾಗೆ ಐಸೊಲೇಷನ್ ಹಾಕಿದ್ದೇನೆ. ಒಂದು ಫೋನಿಗೆ ಕೊಟ್ಟ ಪಾಸ್‌ವರ್ಡ್ ಕ್ಯೂಆರ್ ಆಗಿ ಇನ್ನೊಂದಕ್ಕೆ ಹಾರುವುದು ಒಂದು ಕ್ಷಣದ ಕೆಲಸ. ಅದಕ್ಕೆ ಪ್ರತಿ ತಿಂಗಳ 21ಕ್ಕೆ, ರಿಟರ್ನ್ ಮುಗಿದ ಮರುದಿನ, ಹೊಸ ಪಾಸ್‌ವರ್ಡ್ ಹಾಕಿ ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಡುತ್ತೇನೆ. ಹಾಗೇ ಪಟ್ಟಿಯನ್ನೂ ಒಮ್ಮೆ ತೆರೆದು ಎಣಿಸುತ್ತೇನೆ. ಆರು, ಅವಳದು ಒಂದು, ಒಟ್ಟು ಏಳು.

ಹುಡುಗಿಯದು ಒಂದು, ಹುಡುಗರವು ನಾಲ್ಕು, ಕಾಕಾ ಮನೆಯವು ನಾಲ್ಕು. ಹನ್ನೊಂದರಲ್ಲಿ ಒಂಬತ್ತರ ಲೆಕ್ಕ ಸಿಕ್ಕಿತು. ಉಳಿದೆರಡು ಯಾರವೆಂದು ಇವತ್ತಿಗೂ ಗೊತ್ತಾಗಿಲ್ಲ. ಯಾರೂ ಬಾಗಿಲು ತಟ್ಟಲಿಲ್ಲ. ಆ ಎರಡರ ವಿಳಾಸವನ್ನು ಡೈರಿಯ ಕೊನೆ ಪುಟದಲ್ಲಿ ತಾರೀಕಿನ ಸಮೇತ ಬರೆದಿಟ್ಟಿದ್ದೇನೆ.