ಕೂಸಿನ ಕೈ ಬೆರಳು ಚುರುಕಾಗ್ಬೇಕಂದ್ರ ಮೊದಲ್ನೇ ವರ್ಷ ಮನ್ಯಾಗ ಏನ್ ಮಾಡ್ಬೇಕು

ಕೂಸು ಹುಟ್ಟಿ ಎರಡ್ಮೂರು ತಿಂಗಳಾಗೂದ್ರೊಳಗ ಮನಿ ತುಂಬ ಗಿಲಕಿ, ಗೊಂಬಿ, ಒತ್ತಿದ್ರ ಹಾಡೋ ಪ್ಲಾಸ್ಟಿಕ್ ಫೋನ್ ಬಂದು ಬಿದ್ದಿರ್ತಾವ್ರಿ, ಆದ್ರ ಕೂಸಿನ ಕೈ ನೋಡಿದ್ರ ಮಿಟನ್ಸ್ ಒಳಗ, ಇಲ್ಲಾಂದ್ರ ಬಿಗಿಯಾಗಿ ಸುತ್ತಿದ ಬಟ್ಟ್ಯಾಗ. ಆಟದ ಸಾಮಾನು ಆಮ್ಯಾಲೆ, ಮೊದ್ಲು ಆ ಕೈ ಬಿಚ್ಚಿ ಬಿಡ್ರಿ. ಮಾರಿ ಗೀರ್ಕೊಂತದ ಅಂತ ಹೆದ್ರಿಕಿ ಇದ್ರ ಕೂಸು ಮಲಗಿದಾಗ ಉಗುರು ತೆಗೀರಿ, ಎಚ್ಚರ ಇದ್ದಾಗ ಮಾತ್ರ ಕೈ ಖಾಲಿ ಇರ್ಲಿ, ತನ್ನ ಕೈ ತಾನೇ ನೋಡ್ಕೋತ ಬಾಯಾಗ ಹಾಕ್ಕೋತ ಇದ್ರೇ ಇದು ನಂದೇ ಕೈ ಅಂತ ಅದಕ್ಕ ಗೊತ್ತಾಗೂದು.

ಮೊದಲ ಎರಡು ತಿಂಗಳು ಮುಷ್ಟಿ ಹಿಡಿದಿರೂದೇ ಜಾಸ್ತಿ. ಅಂಗೈಯಾಗ ನಿಮ್ಮ ಬೆರಳು ಇಟ್ರ ಗಟ್ಟಿ ಹಿಡಿತದ, "ಏನ್ ತಾಕತ್ತು ನೋಡ್ರಿ ನನ್ನ ಮೊಮ್ಮಗಗ" ಅಂತ ಮುತ್ಯಾ ಖುಷಿ ಆಗ್ತಾರ, ಆಗ್ಲಿ ಬಿಡ್ರಿ, ಖರೆ ಅಂದ್ರ ಅದು ಹುಟ್ಟುತ್ಲೇ ಬರೋ ರಿಫ್ಲೆಕ್ಸ್, ಅಂದ್ರ ಬೇಕಂತ ಮಾಡೂದಲ್ಲ, ತಾನೇ ಆಗೂದು, ಸುಮಾರು 4ರಿಂದ 6 ತಿಂಗಳೊಳಗ ತಾನೇ ಕಡಿಮಿ ಆಗ್ತದ, ಅದು ಕಡಿಮಿ ಆದಂಗ ತನಗ ಬೇಕಾಗಿದ್ದನ್ನ ಬೇಕಂತ್ಲೇ ಹಿಡಿಯೂದು ಶುರು ಆಗ್ತದ. ಎಣ್ಣಿ ಹಚ್ಚೋ ಹೊತ್ತಿನಾಗ ಮುಷ್ಟಿ ಬಿಚ್ಚಾಕ ಬೆರಳು ಜಗ್ಗಬ್ಯಾಡ್ರಿ. ಕೈಯ ಹಿಂಭಾಗಕ್ಕ, ಅಂದ್ರ ಅಂಗೈ ಅಲ್ಲ ಆ ಕಡಿ, ಮೆಲ್ಲಕ ಸವರ್ರಿ, ಬೆರಳು ತಾವೇ ಅರಳ್ತಾವ. ಹಂಗೇ ಒಂದೊಂದು ಬೆರಳಿನ ಸಂದಿ ನೋಡ್ರಿ. ಬಾಣಂತನ ಆಗಿ ಮೂರ್ನಾಲ್ಕು ತಿಂಗಳಿಗೆ ತಾಯಿ ಕೂದ್ಲು ಭಾಳ ಉದುರ್ತಾವಲ್ಲ, ಅದ್ರಾಗಿನ ಒಂದೇ ಒಂದು ಕೂದ್ಲು ಕೂಸಿನ ಬೆರಳಿಗೆ ಸುತ್ಕೊಂಡು ಬಿಗಿದ್ರ ಬೆರಳು ಕೆಂಪಾಗಿ ಬಾತ್ಬಿಡ್ತದ, ಕೂಸು ಅಳ್ತದ, ನಾವು ಹೊಟ್ಟಿ ನೋವು ಅಂತ ಹಿಂಗು ಹಚ್ಚಿ ಕೂಡ್ತೀವಿ. ಕೂದ್ಲು ಬಿಚ್ಚಾಕ ಬರ್ಲಿಲ್ಲಂದ್ರ ತಡ ಮಾಡ್ದೆ ದವಾಖಾನಿಗೆ ಹೋಗ್ರಿ.

ಇನ್ನ ಭಾಳ ಮಂದಿಗೆ ವಿಚಿತ್ರ ಅನಸೋ ಮಾತು ಅಂದ್ರ, ಬೆರಳಿನ ಕೆಲಸ ಶುರು ಆಗೂದು ಬೆರಳಿನ್ಯಾಗ ಅಲ್ಲ, ಭುಜದಾಗ. ಕುತ್ತಿಗಿ ಭುಜ ಗಟ್ಟಿ ಆದ ಮ್ಯಾಲೆ ಮೊಣಕೈ, ಆಮ್ಯಾಲೆ ಮಣಿಕಟ್ಟು, ಕಡೀಗೆ ಬೆರಳ ತುದಿ. ಅದಕ್ಕೇ ಬೋರಲ ಹಾಕೂದು ಬೇಕೇ ಬೇಕು. ನಮ್ಮ ಕಡಿ ಮನ್ಯಾಗ ಶಹಾಬಾದ ಫರಸಿ ಇರ್ತದ, ಬ್ಯಾಸಗಿದಾಗಂತೂ ತಣ್ಣಗ, ಅದ್ರ ಮ್ಯಾಲೆ ಒಂದು ಕೌದಿ ಹಾಸಿದ್ರ ಮುಗೀತು, ಮೆತ್ತನ್ ಗಾದಿ ಬ್ಯಾಡ. ಮೊದ್ಲು ದಿನಕ್ಕ ಎರಡ್ಮೂರು ಸಲ, ಒಂದೊಂದು ಸಲ ಮೂರ್ನಾಲ್ಕು ನಿಮಿಷ, ಎರಡು ತಿಂಗಳ ಹೊತ್ತಿಗೆ ಎಲ್ಲಾ ಕೂಡಿ ದಿನಕ್ಕ 15ರಿಂದ 30 ನಿಮಿಷ. ಹಾಲು ಕುಡಿದ ಕೂಡ್ಲೇ ಹಾಕಬ್ಯಾಡ್ರಿ, ಎದುರಿಗೆ ಒಬ್ರು ಕೂತಿರ್ಲೇಬೇಕು, ನಿದ್ದಿ ಬಂದ್ರ ತಕ್ಷಣ ಅಂಗಾತ ಮಲಗಿಸ್ರಿ. ಅಳ್ತದ ಅಂದ್ರ ಅಪ್ಪನ ಎದಿ ಮ್ಯಾಲೆ ಬೋರಲ ಹಾಕ್ರಿ, ಅದೂ ಲೆಕ್ಕಕ್ಕ ಬರ್ತದ. ಇಡೀ ದಿನ ತೊಟ್ಟಿಲಾಗ, ಆಮ್ಯಾಲೆ ವಾಕರ್‌ದಾಗ ಜೋತು ಬಿದ್ದ ಕೂಸಿಗೆ ಈ ಭುಜದ ಕೆಲಸ ಎಲ್ಲಿಂದ ಸಿಗಬೇಕ್ರಿ. ವಾಕರ್ ನಂಗ ಕಂಡ್ರೇ ಆಗೂದಿಲ್ಲ.

ಮೂರು ತಿಂಗಳು ದಾಟಿದ್ರ ಎರಡೂ ಕೈ ಎದಿ ಮುಂದ ಕೂಡಿಸ್ತದ, ಕಂಡಿದ್ದಕ್ಕ ಕೈ ಬೀಸ್ತದ, ಕೊಟ್ಟ ಗಿಲಕಿ ಸ್ವಲ್ಪ ಹೊತ್ತು ಹಿಡಿತದ. ಇಲ್ಲಿಂದ ಮುಂದ ಎಲ್ಲಾ ಬಾಯಿಗೇ. ಹಂಗಾಗಿ ಕೈಗೆ ಕಟ್ಟಿದ ದೃಷ್ಟಿಮಣಿ ದಾರ ಹರಿದ್ರ ಮಣಿ ಸೀದಾ ಗಂಟಲಿಗೆ, ಕಾಲಿಗೆ ಕಟ್ತೀವಿ ಅಂತೀರೇನು, ಆರು ತಿಂಗಳಿಗೆ ಕಾಲೂ ಬಾಯಾಗ ಬರ್ತದ್ರಿ.

ಆರು ತಿಂಗಳ ಸುತ್ತ ಕೈಯಿಂದ ಕೈಗೆ ಸಾಮಾನು ದಾಟಿಸೂದು ಬರ್ತದ, ಕೆಲವಕ್ಕ ಒಂದೆರಡು ತಿಂಗಳು ಆಚಿ. ಇದನ್ನ ಆಡಿಸೂದು ಸುಲಭ. ಕೂಸಿನ್ನ ತೊಡಿ ಮ್ಯಾಲೆ ಕೂಡಿಸ್ಕೊಂಡು ಒಂದು ಸ್ಟೀಲ್ ಚಮಚ ನಡುವಿನ್ಯಾಗ ಹಿಡೀರಿ, ಯಾವ ಕೈ ಬರ್ತದೋ ಬರ್ಲಿ. ಅದು ಹಿಡಿದ ಮ್ಯಾಲೆ ಅದೇ ಕೈ ಕಡಿ ಇನ್ನೊಂದು ಚಮಚ ತೋರಿಸ್ರಿ. ಮೊದ್ಲು ಕೈಯಾಗಿಂದು ಬಿಟ್ಟೇ ಬಿಡ್ತದ, ಆಮ್ಯಾಲೆ ಒಂದಿನ ಇದನ್ನ ಆ ಕೈಗೆ ದಾಟಿಸಿ ಹೊಸದು ಹಿಡಿತದ. ಎರಡೂ ಕೈಯಾಗ ಬಂದ್ವಂದ್ರ ಚಮಚ ಚಮಚ ಕುಟ್ಟೂದು ಶುರು, ಕುಟ್ಲಿ. ಮೊಬೈಲ್ ಮ್ಯಾಲೆ ಬೆರಳು ಆಡಿಸೂದು ಈ ಲೆಕ್ಕಕ್ಕ ಬರೂದಿಲ್ಲ, ವರ್ಷದೊಳಗಿನ ಕೂಸಿಗೆ ಸ್ಕ್ರೀನ್ ಬ್ಯಾಡೇ ಬ್ಯಾಡ ಅಂತ ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2019ದಾಗೇ ಹೇಳ್ಯಾದ.

ಊಟದ ಹೊತ್ತೇ ಬೆರಳಿಗೆ ದೊಡ್ಡ ಸಾಲಿ. ಆರು ತಿಂಗಳು ತುಂಬಿ ಊಟ ಶುರು ಮಾಡಿದ ಮ್ಯಾಲೆ ಎಲ್ಲಾ ನಾವೇ ತಿನಿಸಿ ಬಾಯಿ ಒರಸಿ ಬಿಡಬ್ಯಾಡ್ರಿ, ಏಳೆಂಟು ತಿಂಗಳಿಗೆ ಕೂಸು ಬರಾಬರಿ ಕೂತ್ಕೊಂಡಾಗ ತಾಟಿನ್ಯಾಗ ಎರಡ್ಮೂರು ತುಣುಕು ಇಡ್ರಿ. ಜ್ವಾಳದ ರೊಟ್ಟಿ ತುಣುಕು ಉಪ್ಪು ಖಾರ ಇಲ್ಲದ ತೊಗರಿ ಬ್ಯಾಳ್ಯಾಗ ಚೆಂದಂಗ ನೆನೆಸಿದ್ದು, ಮೆತ್ತಗ ಕುದಿಸಿದ ಗಜ್ಜರಿ, ಆಲೂಗಡ್ಡಿ. ಬೆರಳಾಗ ಒತ್ತಿದ್ರ ಹಿಸುಕಬೇಕು, ಅಷ್ಟು ಮೆತ್ತಗ. ಮೊದಮೊದ್ಲು ನಾಕೂ ಬೆರಳು ಕೂಡಿಸಿ ತನ್ನ ಕಡಿ ಬಳಕೋತದ, ಮುಷ್ಟ್ಯಾಗ ಹಿಸುಕಿ ಅರ್ಧ ಮೂಗಿಗೆ. ಆಮ್ಯಾಲೆ ಹೆಬ್ಬೆರಳು ತೋರಬೆರಳಿನ ಪಕ್ಕಕ್ಕ ಒತ್ತಿ ಎತ್ತತದ. ಅದಾದ ಮ್ಯಾಲೆ, 9ರಿಂದ 12 ತಿಂಗಳ ನಡುವ, ಬರೇ ಎರಡು ಬೆರಳ ತುದಿಲೆ ಒಂದು ಅನ್ನದ ಅಗುಳು ಎತ್ತಿ, ಅದನ್ನ ನೋಡಿ, ಬಾಯಿಗೆ ಹಾಕ್ಕೊಳ್ತದ. ಆಗಿಂದ ನಿಮ್ಮ ಮನಿ ನೆಲದ ಮ್ಯಾಲೆ ಏನೇನು ಬಿದ್ದದ ಅನ್ನೂದು ನಿಮಗಿಂತ ಅದಕ್ಕೇ ಜಾಸ್ತಿ ಗೊತ್ತು.

ಅದಕ್ಕೇ ಇಲ್ಲಿ ಜರಾ ಕಡಕ್ ಆಗಿ ಹೇಳ್ತೀನಿ. ಶೇಂಗಾ, ಪುಟಾಣಿ, ಕಡ್ಲಿ, ಇಡೀ ದ್ರಾಕ್ಷಿ, ಕೊಬ್ಬರಿ ತುಣುಕು ಕೊಡಬ್ಯಾಡ್ರಿ. ಜೇನುತುಪ್ಪ ವರ್ಷದ ತನ ನಾಲಿಗಿಗೂ ಹಚ್ಚಬ್ಯಾಡ್ರಿ. ರಿಮೋಟ್, ಹಾಡೋ ಗೊಂಬಿ ಒಳಗಿನ ಗುಂಡನ್ ಬ್ಯಾಟರಿ ನುಂಗಿದ್ರ ಅನ್ನನಾಳನೇ ಸುಡ್ತದ, ಅದಕ್ಕ ಕಾಯೂದಲ್ಲ, ಸೀದಾ ದವಾಖಾನಿಗೆ ಓಡೂದು. ಗಂಟಲಾಗ ಏನರ ಸಿಕ್ಕಾಗ ಜೋರಾಗಿ ಕೆಮ್ಮಲಿಕ್ಕತ್ತಿದ್ರ ಕೆಮ್ಮಾಕ ಬಿಡ್ರಿ. ಸಪ್ಪಳ ನಿಂತು ಉಸಿರು ಬರವಲ್ದು ಅಂದ್ರ ಕೂಸಿನ್ನ ನಿಮ್ಮ ಮುಂಗೈ ಮ್ಯಾಲೆ ಬೋರಲ, ತಲಿ ಕೆಳಗ ಮಾಡಿ, ಬೆನ್ನಿನ ನಡುವ ಅಂಗೈ ಬುಡದಿಂದ 5 ಏಟು ಹಾಕ್ರಿ, ಹೊಳ್ಳಿಸಿ ಎದಿ ನಡುವ ಎರಡು ಬೆರಳಿಂದ 5 ಸಲ ಒತ್ರಿ, ಸಿಕ್ಕಿದ್ದು ಹೊರಗ ಬರೂ ತನ ಇದೇ ಮಾಡ್ರಿ, ಇನ್ನೊಬ್ರು 108ಕ್ಕ ಫೋನ್ ಹಚ್ಲಿ. ಕಾಣದ ವಸ್ತುಕ್ಕ ಬಾಯಾಗ ಬೆರಳು ಹಾಕಿ ಹುಡುಕಬ್ಯಾಡ್ರಿ, ಇನ್ನೂ ಒಳಗ ಹೋಗ್ತದ.

ಹಿಡಿಯೂದಕ್ಕಿಂತ ಬಿಡೂದು ಕಷ್ಟ, ಇದು ಭಾಳ ಮಂದಿ ಲಕ್ಷ್ಯಕ್ಕ ಬರೂದಿಲ್ಲ. ವರ್ಷ ಹತ್ರ ಬಂದಾಗ ಚಮಚ ಒಗೀತದ, ನೀವು ಎತ್ತಿ ಕೊಟ್ರ ಮತ್ತ ಒಗೀತದ, ಆಯಿ "ಹಟಮಾರಿ" ಅಂತಾರ, ಆದ್ರ ಅದು ಬೆರಳು ಬಿಚ್ಚೂದು ಕಲೀಲಿಕ್ಕತ್ತಿರ್ತದ. ಒಂದು ಖಾಲಿ ಬಿಸ್ಕಿಟ್ ಡಬ್ಬಿ ತಗೊಂಡು ಅದ್ರಾಗ ದಸ್ತಿ, ಸಾಕ್ಸ್ ಉಂಡಿ, ದೊಡ್ಡ ಡಬ್ಬಿ ಮುಚ್ಚಳ ಹಾಕಿ ಕೊಡ್ರಿ. ಮೊದ್ಲು ಬರೇ ತೆಗೀತದ, ಒಳಗ ಹಾಕೂದು ಆಮ್ಯಾಲೆ. ಡಬ್ಬಿ ಅಂಚು ಚೂಪಿರಬಾರ್ದು ಅಷ್ಟೇ.

ಎಡಗೈ ಚಾಚಿದ್ರ ಬಡಿದು ಬಲಗೈಗೆ ಕೊಡೂದು ಬಿಡ್ರಿ, ವರ್ಷದೊಳಗ ಎರಡೂ ಕೈ ಸಮ ದುಡೀಬೇಕು. ಒಂದೇ ಕೈ ಯಾವಾಗ್ಲೂ ಮುಂದ ಬರ್ತದ, ಇನ್ನೊಂದು ಮುಷ್ಟಿ ಕಟ್ಟೇ ಇರ್ತದ ಅಂದ್ರ ಅದು ಎಡಚ ಬಲಚದ ಮಾತಲ್ಲ, ಡಾಕ್ಟರಿಗೆ ತೋರಿಸೋ ಮಾತು. 4 ತಿಂಗಳಾದ್ರೂ ಮುಷ್ಟಿ ಬಿಚ್ಚೂದಿಲ್ಲ, 6ಕ್ಕ ಸಾಮಾನಿಗೆ ಕೈ ಚಾಚೂದಿಲ್ಲ, 9ಕ್ಕ ಕೈಯಿಂದ ಕೈಗೆ ದಾಟಿಸೂದಿಲ್ಲ, ಬರ್ತಿದ್ದ ಕೆಲಸ ನಿಂತದ, ಇವೂ ಹಂಗೇ. ಎರಡು ತಿಂಗಳು ಮೊದ್ಲೇ ಹುಟ್ಟಿದ್ರ ಆ ಎರಡು ತಿಂಗಳು ಕಳೆದು ಲೆಕ್ಕ ಹಾಕ್ರಿ, ವಾಟ್ಸಾಪ್‌ದಾಗಿನ ಪಕ್ಕದ್ಮನಿ ಕೂಸಿನ ಲೆಕ್ಕ ಅಲ್ಲ. ಕೇಳಾಕ ದೂರ ಹೋಗಬೇಕಿಲ್ಲ, 3, 6, 9, 12 ತಿಂಗಳಿಗೆ ಆಶಾ ಕಾರ್ಯಕರ್ತೆ ಮನಿಗೆ ಬರಬೇಕು, 9 ತಿಂಗಳ ಗೊಬ್ಬರ (ದಡಾರ)-ರುಬೆಲ್ಲಾ ಸೂಜಿ ದಿನಾನೂ ಕೇಳಬಹುದು, ಅಂಗನವಾಡಿಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರಿ ಕಾರ್ಯಕ್ರಮ) ಡಾಕ್ಟರ್ ಟೀಮ್ ಬಂದಾಗ ತೋರಿಸಬಹುದು, ಬೇಕಾದ್ರ ಅವ್ರೇ ಜಿಲ್ಲಾ ದವಾಖಾನಿಗೆ ಬರೆದು ಕೊಡ್ತಾರ. ಹೋಗುವಾಗ ತಾಯಿ ಕಾರ್ಡ್ ಜೊತಿಗೆ ಮನ್ಯಾಗ ಆಡೂವಾಗಿನ ಒಂದು ಮೊಬೈಲ್ ವಿಡಿಯೋ ಇರ್ಲಿ, ಎರಡೂ ಕೈ ಕಾಣಂಗ ತೆಗೀರಿ, ಯಾಕಂದ್ರ ಡಾಕ್ಟರ್ ಮುಂದ ಕೂಸು ಅಳೂದ್ ಬಿಟ್ಟು ಏನೂ ಮಾಡಿ ತೋರ್ಸೂದಿಲ್ಲ.