ಟೆಕ್ನೋ ಕೇಳೋಕೆ ಎಲ್ಲಿಂದ ಶುರು ಮಾಡಬೇಕು? ಡಾಲ್ಬಿ ಮುಂದೆ ಕುಣಿದವರಿಗೆ ಒಂದಿಷ್ಟು ಟ್ರ್ಯಾಕ್‌ಗಳು

ಬೆಳಗಾವಿಯ ಗಣಪತಿ ವಿಸರ್ಜನೆಯಲ್ಲಿ ಡಾಲ್ಬಿ, ಅಂದ್ರೆ ಆ ದೊಡ್ಡ ಸ್ಪೀಕರ್‌ಗಳ ಮುಂದೆ ರಾತ್ರಿಯಿಡೀ ಕುಣಿದವರಿಗೆ ಎದೆಯೊಳಗೆ ಬೇಸ್ ಬಡಿಯೋದು ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಹುಡುಗರ ಕಿವಿಗೆ ಟೆಕ್ನೋ, ಅಂದ್ರೆ ಮೆಷಿನ್‌ಗಳಿಂದಲೇ ಮಾಡುವ ಕುಣಿತದ ಸಂಗೀತದ ಒಂದು ಟ್ರ್ಯಾಕ್ ಹಾಕಿ ಕೊಡಿ, ಎರಡನೇ ನಿಮಿಷಕ್ಕೆ ಇಯರ್‌ಫೋನ್ ವಾಪಸ್ ಬರುತ್ತದೆ: "ಹಾಡ ಇನ್ನಾ ಚಾಲೂನ ಆಗಿಲ್ಲಲೇ!" ಅವರದೇನೂ ತಪ್ಪಿಲ್ಲ. ಇದರಲ್ಲಿ ಪಲ್ಲವಿ ಇಲ್ಲ, ಚರಣ ಇಲ್ಲ, ಎಷ್ಟೋ ಸಲ ಮಾತೇ ಇಲ್ಲ. ಯಾವುದಕ್ಕೆ ಕಾಯಬೇಕು ಅಂತಲೇ ಗೊತ್ತಿಲ್ಲದಿದ್ದರೆ ಬೇಜಾರಾಗದೆ ಇನ್ನೇನಾಗುತ್ತದೆ?

ಮೊದಲು ಫೋನಿನ ಸ್ಪೀಕರ್ ಬಂದ್ ಮಾಡಿ. ಅದರಲ್ಲಿ ಬೇಸ್ ಕೇಳಿಸೋದೇ ಇಲ್ಲ, ಉಳಿಯೋದು ಬರೀ ಟಿಕ್ ಟಿಕ್. ಇಯರ್‌ಫೋನ್ ದುಬಾರಿಯದ್ದೇ ಬೇಕಂತಿಲ್ಲ, ಆದರೆ ಅದರ ರಬ್ಬರ್ ತುದಿ ಕಿವಿಯಲ್ಲಿ ಗಟ್ಟಿಯಾಗಿ ಕೂರಬೇಕು, ಸಂದು ಬಿಟ್ಟರೆ ಬೇಸ್ ಎಲ್ಲ ಸೋರಿಹೋಗುತ್ತದೆ. ಯರಗಟ್ಟಿ, ಲೋಕಾಪುರದ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ.

ಇನ್ನು ಎಣಿಸೋದು. ಆ "ಧಡ್" ಅನ್ನುವ ಸದ್ದಿಗೆ ಕಿಕ್ ಅಂತಾರೆ. ಒಂದು, ಎರಡು, ಮೂರು, ನಾಲ್ಕು, ಪ್ರತಿ ಎಣಿಕೆಗೂ ಒಂದು ಕಿಕ್. ಇಂಥ ಎಂಟು ಸುತ್ತು ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಏನಾದರೂ ಒಂದು ಬದಲಾಗುತ್ತದೆ. 128 ಬಿಪಿಎಂ (ಅಂದ್ರೆ ನಿಮಿಷಕ್ಕೆ 128 ಎಣಿಕೆ) ಟ್ರ್ಯಾಕಿನಲ್ಲಿ ಎಂಟು ಸುತ್ತು ಅಂದ್ರೆ ಸರಿಯಾಗಿ 15 ಸೆಕೆಂಡ್. ಹೈ-ಹ್ಯಾಟ್ (ತಾಳದಂಥ "ತ್ಸ್" ಸದ್ದು) ಸೇರಿಕೊಳ್ಳಬಹುದು, ಚಪ್ಪಾಳೆಯಂಥ ಸದ್ದು ಮಾಯವಾಗಬಹುದು, ಕಿಕ್ಕೇ ಒಂದು ಕ್ಷಣ ನಿಂತು ವಾಪಸ್ ಬರಬಹುದು. ಆ ಬದಲಾವಣೆ ಹಿಡಿಯೋದೇ ಆಟ. ಮೊದಲ ಒಂದು ನಿಮಿಷ ಖಾಲಿ ಖಾಲಿ ಇರೋದು ಯಾಕೆ ಅಂದ್ರೆ, ಅದು ಡಿಜೆಗೆ ಅಂತ ಬಿಟ್ಟ ಜಾಗ. ಹಿಂದಿನ ಟ್ರ್ಯಾಕ್ ಇನ್ನೂ ಓಡುತ್ತಿರುವಾಗಲೇ ಅವನು ಇದನ್ನು ಅದರ ಮೇಲೆ ಕೂರಿಸುತ್ತಾನೆ. ಹಾಗಂತ ಮುಂದಕ್ಕೆ ಓಡಿಸಬೇಡಿ.

ಮೊದಲನೆಯದು ನಿಜ ಹೇಳಬೇಕಂದ್ರೆ ಟೆಕ್ನೋ ಅಲ್ಲ, ಆದರೂ ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆ ಬಾಗಿಲು ಸಿಗಲಿಕ್ಕಿಲ್ಲ. ಮುಂಬೈ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ "ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್" ಅಂತ ಒಂದು ರೆಕಾರ್ಡ್ ತಂದರು. ರೋಲ್ಯಾಂಡ್ ಕಂಪನಿಯ 808 ಡ್ರಮ್ ಮೆಷಿನ್, 303 ಬೇಸ್ ಮೆಷಿನ್, ಜುಪಿಟರ್-8 ಸಿಂಥ್ (ಸಿಂಥಸೈಸರ್ ಕೀಬೋರ್ಡ್), ಮೇಲೆ ರಾಗ. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದೇ 303 ಹಿಡಿದು ಶಿಕಾಗೋದ ಫ್ಯೂಚರ್ ತಂಡ ಆಸಿಡ್ ಹೌಸ್ ಅನ್ನುವ ಶೈಲಿಗೆ ದಾರಿ ಮಾಡಿದ "ಆಸಿಡ್ ಟ್ರ್ಯಾಕ್ಸ್" ತಂದದ್ದು 1987ರಲ್ಲಿ, ಅಂದ್ರೆ ಐದು ವರ್ಷ ತಡವಾಗಿ! ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಸೀಮೆ ನಮ್ಮದು, ಮಾಲಕಂಸ, ಭೂಪ ಎಲ್ಲೋ ಒಂದು ಕಡೆ ಕಿವಿಗೆ ಬಿದ್ದೇ ಇರುತ್ತವೆ. ಅವೆರಡೂ ಇದರಲ್ಲಿವೆ. ಸ್ವರ ಪರಿಚಯದ್ದು ಆಗಿರೋದರಿಂದ ಗಮನವೆಲ್ಲ ಮೆಷಿನ್ ಕಡೆ ಹೋಗುತ್ತದೆ, ಬೇಕಾಗಿರೋದೂ ಅದೇ.

ಆಮೇಲೆ ಡೆಟ್ರಾಯಿಟ್. ಟೆಕ್ನೋ ಹುಟ್ಟಿದ್ದು ಅಮೆರಿಕದ ಆ ಕಾರು ಫ್ಯಾಕ್ಟರಿ ಊರಿನಲ್ಲಿ. ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಅಂತ ಮೂವರು ಕರಿಯ ಹುಡುಗರು, ಪಕ್ಕದ ಬೆಲ್‌ವಿಲ್‌ನಲ್ಲಿ ಶಾಲೆಯಿಂದಲೇ ಗೆಳೆಯರು. ಸಾಂಡರ್ಸನ್ ಅವರ ಇನ್ನರ್ ಸಿಟಿ ತಂಡದ "ಬಿಗ್ ಫನ್" (1988) ಹಾಕಿ. ಪ್ಯಾರಿಸ್ ಗ್ರೇ ಹಾಡಿದ್ದಾರೆ, ಮಾತಿದೆ, ಖುಷಿಯಿದೆ, ಹೊಸಬರಿಗೆ ಸಲೀಸು. ಅದರ ಬೆನ್ನಿಗೇ ಮೇ ಅವರ "ಸ್ಟ್ರಿಂಗ್ಸ್ ಆಫ್ ಲೈಫ್" (1987), ರಿದಿಮ್ ಈಸ್ ರಿದಿಮ್ ಅನ್ನುವ ಹೆಸರಲ್ಲಿ ಸಿಗುತ್ತದೆ. ಪಿಯಾನೋ, ವಯಲಿನ್‌ನಂಥ ಸಿಂಥ್ ಎರಡೂ ಕುಣಿಯುತ್ತವೆ. ಒಂದು ಸಲ ಸುಮ್ನೆ ಕೇಳಿ, ಎರಡನೇ ಸಲ ಬೇಸ್‌ಲೈನ್, ಅಂದ್ರೆ ಕೆಳಗಿನ ದಪ್ಪ ಸ್ವರಗಳ ಸಾಲು ಹುಡುಕಿ. ಸಿಗಲ್ಲ, ಯಾಕಂದ್ರೆ ಹಾಕಿಯೇ ಇಲ್ಲ! ಡಾಲ್ಬಿಯವರು ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ.

ಅದೇ ಊರಿನ ಡಿಜೆ ರೊಲಾಂಡೋ ಅವರ "ನೈಟ್ಸ್ ಆಫ್ ದಿ ಜಾಗ್ವಾರ್" (1999) ಕೂಡ ಮಧುರವಾಗಿದೆ, ಇದನ್ನು ಬಿಡಬೇಡಿ. ಇಷ್ಟು ಹಿಡಿಸಿದ ಮೇಲೆಯೇ ಜೆಫ್ ಮಿಲ್ಸ್ ಅವರ "ದಿ ಬೆಲ್ಸ್". ಐದು ನಿಮಿಷವೂ ಇಲ್ಲ, ಭಾರಿ ವೇಗ, ಗಂಟೆಯಂಥ ಒಂದೇ ತುಣುಕು ಸುತ್ತುತ್ತಲೇ ಇರುತ್ತದೆ. ಆ ತುಣುಕು ಬದಲಾಗಲ್ಲ, ಅದರ ಸುತ್ತಲಿನ ಸದ್ದು ಬದಲಾಗುತ್ತದೆ. ಇದೇ ಮೊದಲು ಕೇಳಿದವರಿಗೆ ತಲೆನೋವು, ಕೊನೆಗೆ ಕೇಳಿದವರಿಗೆ ಹುಚ್ಚು. ಪ್ಲಾಸ್ಟಿಕ್‌ಮ್ಯಾನ್ ಅನ್ನುವ ಹೆಸರಲ್ಲಿ ರಿಚಿ ಹಾಟಿನ್ ತಂದ "ಸ್ಪಾಸ್ಟಿಕ್" (1993) ಇನ್ನೂ ಒಂದು ಹೆಜ್ಜೆ ಮುಂದೆ, ಅದರಲ್ಲಿ ಡ್ರಮ್ ಮೆಷಿನ್ ಬಿಟ್ಟು ಬೇರೇನೂ ಇಲ್ಲ. ಅವಸರ ಮಾಡಬೇಡಿ.

ಬರ್ಲಿನ್ ಕಡೆ ಹೋದರೆ ಬೇಸಿಕ್ ಚಾನೆಲ್ ಅಂತ ಇಬ್ಬರಿದ್ದಾರೆ, ಮೊರಿಟ್ಸ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಎರ್ನೆಸ್ಟಸ್. ಅವರ "ಕ್ವಾಡ್ರಂಟ್ ಡಬ್" (1994) ಹತ್ತು ನಿಮಿಷಕ್ಕಿಂತ ಜಾಸ್ತಿ ಇದೆ. ವಿಜಯಪುರದ ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅದು ಸುತ್ತಿ ಸುತ್ತಿ ಬರುತ್ತದಲ್ವಾ, ಹಾಗೆ ಒಂದೇ ಸಿಂಥ್ ಏಟು ಪ್ರತಿಧ್ವನಿಸುತ್ತಾ ಕರಗುತ್ತದೆ, ಕರಗುವ ಮೊದಲೇ ಮುಂದಿನ ಏಟು. ಇದು ಕುಣಿಯೋಕಲ್ಲ, ರಾತ್ರಿ ಲೈಟ್ ಆರಿಸಿ ಕೇಳೋಕೆ.

ರೀಲ್ಸ್ ನೋಡಿ ಬಂದವರಿಗೆ "ದಿ ಏಜ್ ಆಫ್ ಲವ್" ಗೊತ್ತಿರಬಹುದು. ಶಾರ್ಲೆಟ್ ಡಿ ವಿಟ್, ಎನ್ರಿಕೋ ಸಾಂಜುಲಿಯಾನೋ ಮಾಡಿದ 2021ರ ರೀಮಿಕ್ಸ್ ಅದು. ಚೆನ್ನಾಗಿದೆ, ಆದರೆ 1990ರ ಮೂಲವನ್ನೂ ಕೇಳಿ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿ ಟ್ರಾನ್ಸ್ (ಟೆಕ್ನೋದಂಥದ್ದೇ ಇನ್ನೊಂದು ಮೆಷಿನ್ ಸಂಗೀತ) ಕೇಳಿ ಬಂದವರಿಗೆ ಇದು ಬೇಗ ಹತ್ತುತ್ತದೆ, ಯಾಕಂದ್ರೆ ಇದು ಟ್ರಾನ್ಸ್, ಟೆಕ್ನೋ ಎರಡರ ಗಡಿಯಲ್ಲೇ ನಿಂತಿದೆ.

ಹುಡುಕುವಾಗ "ರೇಡಿಯೋ ಎಡಿಟ್" ಅಂತ ಇದ್ದರೆ ಬಿಟ್ಟುಬಿಡಿ, ಮೂರು ನಿಮಿಷಕ್ಕೆ ಕತ್ತರಿಸಿದ್ದರಲ್ಲಿ ಕಾಯೋಕೆ ಏನೂ ಉಳಿದಿರಲ್ಲ. ಇಷ್ಟೂ ಹಿಡಿಸಿದರೆ ಒಂದೊಂದೇ ಟ್ರ್ಯಾಕ್ ಕೇಳಿದ್ದು ಸಾಕು, ಒಂದು ಪೂರ್ತಿ ಡಿಜೆ ಸೆಟ್ ಹಾಕಿ. ಜೆಫ್ ಮಿಲ್ಸ್ ಅವರ "ಎಕ್ಸಿಬಿಷನಿಸ್ಟ್" (2004) ವಿಡಿಯೋ ಇದೆ, ಕ್ಯಾಮೆರಾ ಅವರ ಕೈ ಮೇಲೆಯೇ ಇರುತ್ತದೆ. ಹೊಸ ರೆಕಾರ್ಡ್ ಯಾವ ಎಣಿಕೆಗೆ ಒಳಗೆ ಬಂತು, ಹಳೆಯದನ್ನು ಯಾವಾಗ ತೆಗೆದರು ಅಂತ ಎಣಿಸುತ್ತಾ ನೋಡಿ.