ಬಾಗಿಲಲಿ ಇಲಿ ಅದೋ

ಹೋದ ಮಳೆಗಾಲದಲ್ಲಿ ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ ಅಣ್ಣನ ಮಕ್ಕಳಿಬ್ಬರೊಂದಿಗೆ ಒಂದು ಆಟ ಶುರು ಮಾಡಿದೆ. ವಿಮಾನಗಳಿಗೆ ದಾರಿ ತೋರಿಸುವ ರೇಡಿಯೊ ಬೀಕನ್‌ಗಳು ಎರಡು ಮೂರು ಅಕ್ಷರದ ತಮ್ಮ ಗುರುತನ್ನು ಚುಕ್ಕೆ ಗೆರೆಗಳ ಮಾರ್ಸ್ ಸಂಕೇತದಲ್ಲಿ ಮತ್ತೆ ಮತ್ತೆ ಹೇಳುತ್ತಿರುತ್ತವೆ. ತಾನು ಹಿಡಿದದ್ದು ಸರಿಯಾದ ಕೇಂದ್ರವೇ ಎಂದು ಪೈಲಟ್ ತಿಳಿಯುವುದು ಅದನ್ನು ಕೇಳಿಯೇ. ನಾನು ಬಜರ್ ಒತ್ತಬೇಕು, ಮಕ್ಕಳು ಊರು ಊಹಿಸಬೇಕು.

ಮೊದಲ ವಾರ ಆಟ ಕೂಡಿ ಬರಲಿಲ್ಲ. ಸುಲಭವಾಗಲಿ ಎಂದು ನಾನು ತೀರ ನಿಧಾನವಾಗಿ ಒತ್ತುತ್ತಿದ್ದೆ. ಅವರು ಬೆರಳು ಮಡಚಿ ಎಣಿಸತೊಡಗಿದರು, ಅಷ್ಟರಲ್ಲಿ ಮುಂದಿನ ಅಕ್ಷರ ದಾಟಿ ಹೋಗಿರುತ್ತಿತ್ತು. ಮಾರ್ಸ್ ಎಣಿಸುವ ವಿದ್ಯೆಯಲ್ಲ, ಲಯ ಹಿಡಿಯುವ ವಿದ್ಯೆ. ಅದನ್ನು ತೋರಿಸಿಕೊಟ್ಟವಳು ಎಂಟನೆಯ ತರಗತಿಯ ಹುಡುಗಿ: "ಚಿಕ್ಕಪ್ಪ, ಇದು ಗುರು ಲಘು ಅಲ್ಲವೇ?"

ಹೌದಲ್ಲ! ಗೆರೆ ಗುರು, ಚುಕ್ಕೆ ಲಘು. ಛಂದಸ್ಸಿನ ಗುರುವಿಗೆ ಎರಡು ಮಾತ್ರೆ, ಮಾರ್ಸ್‌ನ ಗೆರೆಗೆ ಮೂರು ಚುಕ್ಕೆಗಳಷ್ಟು ಕಾಲ. ಅಷ್ಟು ವ್ಯತ್ಯಾಸ ಕಿವಿಗೆ ತೊಡಕಾಗಲಿಲ್ಲ. ಆ ಸಂಜೆಯೇ ಪದಗಳನ್ನು ಹುಡುಕಿದೆವು. 'ಬಿ' ಅಂದರೆ ಒಂದು ಗುರು, ಮೂರು ಲಘು: ಬಾಗಿಲಲಿ. 'ಐ' ಎರಡು ಲಘು: ಇಲಿ. 'ಎ' ಲಘು, ಗುರು: ಅದೋ. ಮುಂಬೈ ಕೇಂದ್ರದ ಗುರುತು 'ಬಿಬಿಬಿ', ಬಾಗಿಲಲಿ ಬಾಗಿಲಲಿ ಬಾಗಿಲಲಿ. ಬೆಂಗಳೂರಿನದು 'ಬಿಐಎ', ಬಾಗಿಲಲಿ ಇಲಿ ಅದೋ! ಒಮ್ಮೆ ಕೇಳಿದವರು ಮರೆಯುವುದುಂಟೇ? ಆಮೇಲೆ ನಾನು ಎಷ್ಟು ವೇಗವಾಗಿ ಒತ್ತಿದರೂ ಉತ್ತರ ಸಿದ್ಧವಿರುತ್ತಿತ್ತು.

ಈ ಕೇಂದ್ರಗಳು 108ರಿಂದ 117.95 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಅವುಗಳ ಅಲೆ ಹೆಚ್ಚುಕಡಿಮೆ ನೇರ ದೃಷ್ಟಿಯಷ್ಟೇ ದೂರ ಹೋಗುವುದರಿಂದ ನಮ್ಮ ಘಟ್ಟದ ಮನೆಯಲ್ಲಿ ಕೇಳಿಸುವುದಿಲ್ಲ. ಹಾಗಾಗಿ ದಿಕ್ಕು ಊಹಿಸುವ ಆಟಕ್ಕೆ ಆಕಾಶವಾಣಿಯ ಮಧ್ಯಮ ತರಂಗವನ್ನು ಆರಿಸಿಕೊಂಡೆ. ಹಳೆಯ ವಿಮಾನಗಳ ದಿಕ್ಸೂಚಕ ರೇಡಿಯೊ ಪ್ರಸಾರ ಕೇಂದ್ರಗಳನ್ನೂ ಹಿಡಿಯಬಲ್ಲದು, ತತ್ವ ಒಂದೇ. ಟ್ರಾನ್ಸಿಸ್ಟರಿನ ಒಳಗೆ ಅಲೆ ಹಿಡಿಯುವ ಆಂಟೆನಾ ಆಗಿ ಫೆರೈಟ್ ಕಡ್ಡಿ ಇರುತ್ತದೆ. ಅದರ ತುದಿ ಕೇಂದ್ರದತ್ತ ತಿರುಗಿದಾಗ ದನಿ ಕುಗ್ಗುತ್ತದೆ. ದನಿ ಜೋರಾಗುವ ದಿಕ್ಕಿಗಿಂತ ಕುಗ್ಗುವ ದಿಕ್ಕನ್ನು ಗುರುತಿಸುವುದು ಸುಲಭ, ಏಕೆಂದರೆ ಅದು ಬಹಳ ಕಿರಿದು.

ಧಾರವಾಡವನ್ನು 765 ಕಿಲೋಹರ್ಟ್ಸ್‌ನಲ್ಲಿ ಹಿಡಿದು ನಕ್ಷೆಯ ಮೇಲೆ ಗೆರೆ ಎಳೆದೆವು. ಗೆರೆಗೆ ಎರಡು ತುದಿ. ಕೇಂದ್ರ ಉತ್ತರಕ್ಕೋ ದಕ್ಷಿಣಕ್ಕೋ ಎಂದು ಕಡ್ಡಿ ಹೇಳುವುದಿಲ್ಲ. ವಿಮಾನದಲ್ಲಿ ಆ ಸಂಶಯವನ್ನು ಇನ್ನೊಂದು ಆಂಟೆನಾ ಬಿಡಿಸುತ್ತದೆ, ನಮಗೆ ನಕ್ಷೆಯೇ ಸಾಕಾಯಿತು. ಎರಡನೆಯ ಗೆರೆ 675ರ ಭದ್ರಾವತಿಯಿಂದ. ಎರಡೂ ಕೂಡಿದ ಜಾಗ ಶಿರಸಿಯಾಗಬೇಕಿತ್ತು, ಬಿದ್ದದ್ದು ಬನವಾಸಿ ರಸ್ತೆಯ ನಡುವೆ. ಹೊತ್ತು ಮುಳುಗಿದ ಮೇಲೆ ಮತ್ತೆ ಪ್ರಯತ್ನಿಸಿದಾಗ ದನಿ ಕುಗ್ಗುವ ಜಾಗವೇ ಸಿಗಲಿಲ್ಲ: ರಾತ್ರಿ ಅಲೆಗಳು ಮೇಲಿನ ಅಯಾನುಗೋಲದಿಂದ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ಕಣಗಳ ಪದರದಿಂದ, ಪ್ರತಿಫಲಿಸಿ ಬಂದು ದಿಕ್ಕನ್ನು ಕಲಸಿಬಿಡುತ್ತವೆ.

ಮರುದಿನ ಮಧ್ಯಾಹ್ನ, ಅಲೆಯ ದಿಕ್ಕು ತಪ್ಪಿಸುವ ಕಬ್ಬಿಣದ ಮಂಚದಿಂದ ದೂರ, ಅಂಗಳದ ನಡುವೆ ನಿಂತು ಅಳೆದೆವು. ಈ ಸಲ ಗೆರೆಗಳು ಊರಿನ ಹತ್ತಿರ ಬಂದವು. ಹುಡುಗಿ ಆ ಜಾಗಕ್ಕೆ ಪೆನ್ಸಿಲಿನಲ್ಲಿ ಪುಟ್ಟ ಮನೆ ಬರೆದಳು.